ತಿಂದರೂ ಸೊರಗುವ ಮುದಿ ಬೆಕ್ಕು: ಥೈರಾಯ್ಡ್ ಅನುಮಾನ ಬಂದಾಗ ಏನು ಮಾಡಬೇಕು

ಹನ್ನೆರಡು ಹದಿಮೂರು ವರ್ಷದ ಬೆಕ್ಕು ಬಡಕಲಾದರೆ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ: "ವಯಸ್ಸಾತು, ಸೊರಗತೈತಿ ಬಿಡ್ರಿ." ಹಾಗೆ ಬಿಟ್ಟುಬಿಡಬಾರದ ಸಂದರ್ಭ ಒಂದಿದೆ. ಬೆಕ್ಕು ಮೊದಲಿಗಿಂತ ಹೆಚ್ಚು ತಿನ್ನುತ್ತದೆ, ತಿಂದಾದ ಮೇಲೂ ತಟ್ಟೆಯ ಮುಂದೆ ಕೂತು ಕೂಗುತ್ತದೆ, ಆದರೂ ಸವರಿದರೆ ಬೆನ್ನೆಲುಬು ಒಂದೊಂದಾಗಿ ಬೆರಳಿಗೆ ಹತ್ತುತ್ತದೆ. ಇಂಥ ಬೆಕ್ಕಿಗೆ ಥೈರಾಯ್ಡ್ ಪರೀಕ್ಷೆ ಆಗಲೇಬೇಕು.

ಕುತ್ತಿಗೆಯ ಎರಡೂ ಬದಿಗೆ ಅವರೆಕಾಳಿನಷ್ಟು ಸಣ್ಣದಾಗಿ ಕೂತಿರುವ ಥೈರಾಯ್ಡ್ ಗ್ರಂಥಿ ದೇಹದ ಒಲೆಯ ಉರಿ ಎಷ್ಟಿರಬೇಕೆಂದು ನಿಗದಿಮಾಡುತ್ತದೆ. ಮುದಿ ಬೆಕ್ಕುಗಳಲ್ಲಿ ಇದು ಉಬ್ಬಿ, ಬೇಕಾದ್ದಕ್ಕಿಂತ ಹೆಚ್ಚು ಹಾರ್ಮೋನ್ ಸುರಿಸಲು ತೊಡಗುತ್ತದೆ. ಇದೇ ಹೈಪರ್‌ಥೈರಾಯ್ಡಿಸಂ. ಉರಿ ಜೋರಾದರೆ ಸೌದೆ ಬೇಗ ಮುಗಿಯುತ್ತದೆ. ತಿಂದದ್ದು ಸಾಲದೆ ಮೈಯ ಕೊಬ್ಬು, ಆಮೇಲೆ ಸ್ನಾಯು ಕರಗುತ್ತವೆ. ಬೆಕ್ಕುಗಳಲ್ಲಿ ಈ ಕಾಯಿಲೆಯನ್ನು ಅಮೆರಿಕದ ಪಶುವೈದ್ಯರು ಗುರುತಿಸಿ ಬರೆದದ್ದು 1979ರ ಸುಮಾರಿಗೆ. ಗಡ್ಡೆ ಎಂದ ಕೂಡಲೇ ಕ್ಯಾನ್ಸರ್ ಎಂದು ಹೆದರಬೇಡಿ: ನೂರರಲ್ಲಿ ತೊಂಬತ್ತೇಳಕ್ಕೂ ಹೆಚ್ಚು ಬೆಕ್ಕುಗಳಲ್ಲಿ ಅದು ಹರಡದ, ಸಾಧು ಬೆಳವಣಿಗೆ. ನೂರರಲ್ಲಿ ಸುಮಾರು ಎಪ್ಪತ್ತರಲ್ಲಿ ಎರಡೂ ಬದಿಯ ಗ್ರಂಥಿ ಉಬ್ಬಿರುತ್ತವೆ.

ಸೊರಗುವುದರ ಜೊತೆಗೆ ಬರುವ ಬೇರೆ ಗುರುತುಗಳೂ ಇವೆ. ನಡುರಾತ್ರಿ ಎದ್ದು ಹೊಯ್ಕೊಳ್ಳುವುದು, ನೀರು ಹೆಚ್ಚು ಕುಡಿಯುವುದು, ಹೆಚ್ಚು ಉಚ್ಚೆ ಹೊಯ್ಯುವುದು, ಗಬಗಬ ತಿಂದು ಕಕ್ಕುವುದು, ಮಲ ಸಡಿಲವಾಗುವುದು, ಮೈ ನೆಕ್ಕಿಕೊಳ್ಳದೆ ಕೂದಲು ಗಂಟುಗಟ್ಟುವುದು, ಕಡಪಾ ಕಲ್ಲಿನ ತಂಪು ನೆಲ ಹುಡುಕಿ ಮಲಗುವುದು. ಹತ್ತು ವರ್ಷದ ಬೆಕ್ಕು ಇದ್ದಕ್ಕಿದ್ದಂತೆ ಮರಿಯ ಹಾಗೆ ಓಡಾಡತೊಡಗಿದರೆ ಮನೆಮಂದಿ ಖುಷಿಪಡುತ್ತಾರೆ. ಆ ಚುರುಕೂ ರೋಗದ್ದೇ ಇರಬಹುದು. ಕೆಲವೇ ಬೆಕ್ಕುಗಳು ಇದಕ್ಕೆ ತದ್ವಿರುದ್ಧ: ಊಟ ಕಡಿಮೆ, ಮಂಕು, ಮೂಲೆ ಸೇರುವುದು. ಹಾಗಾಗಿ "ಇದು ತಿನ್ನುತ್ತಿಲ್ಲ, ಥೈರಾಯ್ಡ್ ಅಲ್ಲ" ಎಂದು ಮನೆಯಲ್ಲೇ ತೀರ್ಮಾನಿಸಬೇಡಿ.

ಮೊದಲ ಕೆಲಸ: ಒಂದು ನೋಟ್‌ಬುಕ್, ಒಂದು ತಕ್ಕಡಿ

ವೈದ್ಯರ ಬಳಿ ಹೋಗುವ ಮುಂಚಿನ ಒಂದು ವಾರ ಅಳತೆಗೆ ಕೊಡಿ. ಬೆಕ್ಕು ಊಟ ಬಿಟ್ಟಿದ್ದರೆ ಅಥವಾ ಕೊನೆಯಲ್ಲಿ ಹೇಳಿರುವ ತುರ್ತು ಲಕ್ಷಣ ಇದ್ದರೆ ಈ ವಾರ ಕಾಯಬೇಡಿ.

ತೂಕ ಎಲ್ಲಕ್ಕಿಂತ ಮುಖ್ಯ. ಮನುಷ್ಯರ ತೂಕದ ಯಂತ್ರದ ಮೇಲೆ ಬೆಕ್ಕನ್ನು ಎತ್ತಿಕೊಂಡು ನಿಂತು, ಆಮೇಲೆ ನಿಮ್ಮ ತೂಕ ಕಳೆಯುವ ಪದ್ಧತಿ ಇಲ್ಲಿ ಕೆಲಸಕ್ಕೆ ಬಾರದು. ಎರಡು ಸಲ ತೂಗುವಾಗ 200 ಗ್ರಾಂವರೆಗೆ ತಪ್ಪು ಸುಲಭವಾಗಿ ನುಸುಳುತ್ತದೆ, ನೀವು ಹುಡುಕುತ್ತಿರುವ ವ್ಯತ್ಯಾಸವೇ ಅಷ್ಟು. 10 ಕೆಜಿ ತೂಗುವ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಒಂದು ಬುಟ್ಟಿ ಇಟ್ಟು, ಸೊನ್ನೆ ಮಾಡಿ, ಬೆಕ್ಕನ್ನು ಕೂರಿಸಿ. ತಕ್ಕಡಿ ಇಲ್ಲದಿದ್ದರೆ ಓಣಿಯ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯೂ ಆದೀತು, ಬೆಕ್ಕನ್ನು ಪೆಟ್ಟಿಗೆ ಸಮೇತ ತೂಗಿ ಪೆಟ್ಟಿಗೆಯ ತೂಕ ಕಳೆಯಿರಿ. ವಾರಕ್ಕೊಮ್ಮೆ, ಅದೇ ದಿನ, ಬೆಳಗಿನ ಊಟಕ್ಕೆ ಮುಂಚೆ. 4.2 ಕೆಜಿಯ ಬೆಕ್ಕು 3.7ಕ್ಕೆ ಇಳಿದರೆ ಅದು ಅರ್ಧ ಕೆಜಿ ಮಾತ್ರ ಅನಿಸುತ್ತದೆ. 60 ಕೆಜಿಯ ಮನುಷ್ಯ 7 ಕೆಜಿ ಕಳೆದುಕೊಂಡಷ್ಟೇ ಅದು. ಒಟ್ಟು ತೂಕದ ಹತ್ತನೇ ಒಂದು ಪಾಲು ಇಳಿದರೆ ವೈದ್ಯರನ್ನು ಕಾಣಲು ಬೇರೆ ಕಾರಣ ಬೇಕಿಲ್ಲ.

ನೀರನ್ನು ಅಳೆದು ಇಡಿ. ಬೆಳಿಗ್ಗೆ ಬಟ್ಟಲುಗಳಿಗೆ ಒಟ್ಟು 500 ಮಿ.ಲೀ. ಹಾಕಿ, ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ಅಳೆಯಿರಿ. ಪಕ್ಕದಲ್ಲಿ ಬೆಕ್ಕಿಗೆ ಸಿಗದಂತೆ ಮುಚ್ಚಿದ ಜಾಳಿಗೆಯೊಳಗೆ ಇನ್ನೊಂದು ಬಟ್ಟಲು ಇಟ್ಟರೆ ಎಷ್ಟು ಆವಿಯಾಯಿತೆಂದು ಗೊತ್ತಾಗುತ್ತದೆ. ಏಪ್ರಿಲ್-ಮೇ ಬಿಸಿಲಲ್ಲಿ ಇದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಅಂಕಿ ಸುಳ್ಳಾಗುತ್ತದೆ. ಕೆಜಿಗೆ ದಿನಕ್ಕೆ 50 ಮಿ.ಲೀ. ಒಳಗಿದ್ದರೆ ಸರಿ. 4 ಕೆಜಿಯ ಬೆಕ್ಕು ದಿನಕ್ಕೆ 400 ಮಿ.ಲೀ. ಕುಡಿದರೆ ಅದು ಖಂಡಿತ ಅತಿ. ಥೈರಾಯ್ಡ್, ಮೂತ್ರಪಿಂಡ, ಸಕ್ಕರೆ ಕಾಯಿಲೆ ಮೂರರಲ್ಲೂ ಹೀಗಾಗುತ್ತದೆ.

ಉಸಿರು ಎಣಿಸುವುದು ಗಾಢ ನಿದ್ದೆಯಲ್ಲಿರುವಾಗ. ಪಕ್ಕೆ ಒಮ್ಮೆ ಏರಿ ಇಳಿದರೆ ಒಂದು. 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ನಿಮಿಷಕ್ಕೆ 30ರ ಒಳಗಿರಬೇಕು. ಮತ್ತೆ ಮತ್ತೆ 30 ದಾಟುತ್ತಿದ್ದರೆ ಹೃದಯದ ಮೇಲೆ ಒತ್ತಡ ಬಿದ್ದಿರಬಹುದು, ಆ ದಿನವೇ ವೈದ್ಯರಿಗೆ ತಿಳಿಸಿ. ರಾತ್ರಿ ಕೂಗುವುದು, ಕುಂಟುವುದು, ವಿಚಿತ್ರವಾಗಿ ಉಸಿರಾಡುವುದು ಇವನ್ನು ಮೊಬೈಲಿನಲ್ಲಿ ಸೆರೆಹಿಡಿಯಿರಿ, ಆಸ್ಪತ್ರೆಯ ಮೇಜಿನ ಮೇಲೆ ಬೆಕ್ಕು ಇದ್ಯಾವುದನ್ನೂ ತೋರಿಸುವುದಿಲ್ಲ. ಗಂಟಲಲ್ಲಿ ಗಡ್ಡೆ ಇದೆಯೇ ಎಂದು ನೀವೇ ಒತ್ತಿ ನೋಡಲು ಹೋಗಬೇಡಿ. ಆ ಕೆಲಸಕ್ಕೆ ಪಳಗಿದ ಬೆರಳು ಬೇಕು.

ಪ್ರಯಾಣ

ಹಾವೇರಿಯಿಂದ ಹುಬ್ಬಳ್ಳಿ ಸುಮಾರು 75 ಕಿ.ಮೀ., ಗದಗದಿಂದ ಸುಮಾರು 60. ಮುದಿ ಬೆಕ್ಕಿಗೆ, ಅದರಲ್ಲೂ ಹೃದಯ ಓಡುತ್ತಿರುವ ಬೆಕ್ಕಿಗೆ, ಇದು ಸಣ್ಣ ದಾರಿಯಲ್ಲ. ಪೆಟ್ಟಿಗೆಯನ್ನು ಒಂದು ವಾರ ಮೊದಲೇ ಬಾಗಿಲು ತೆಗೆದು ಮನೆಯಲ್ಲಿಡಿ, ಒಳಗೆ ಅದು ಮಲಗುವ ಹಳೆಯ ಸೀರೆಯ ತುಂಡು ಹಾಕಿ, ಒಂದೆರಡು ಹೊತ್ತು ಊಟವನ್ನೂ ಅಲ್ಲೇ ಕೊಡಿ. ಮೇಲಿನಿಂದ ತೆರೆಯುವ ಪೆಟ್ಟಿಗೆಯಾದರೆ ಬೆಕ್ಕನ್ನು ಎಳೆದಾಡಬೇಕಿಲ್ಲ. ಬೇಸಿಗೆಯಲ್ಲಿ ಬೆಳಗ್ಗೆ ಎಂಟರೊಳಗೆ ಹೊರಡಿ, ಗಾಳಿಯಾಡುವಂತೆ ಬಟ್ಟೆ ಹೊದಿಸಿ, ನಾಯಿಗಳು ಕೂತ ಕಡೆಯಿಂದ ದೂರ ಪೆಟ್ಟಿಗೆಯನ್ನು ಎತ್ತರದಲ್ಲಿಡಿ. ವಿಪರೀತ ಹೆದರುವ ಬೆಕ್ಕಿಗೆ ಹೊರಡುವ ಎರಡು ಗಂಟೆ ಮೊದಲು ಕೊಡಲು ಹೆದರಿಕೆ ತಗ್ಗಿಸುವ ಗ್ಯಾಬಪೆಂಟಿನ್ ಬರೆದುಕೊಡುತ್ತೀರಾ ಎಂದು ಫೋನಿನಲ್ಲೇ ಕೇಳಿ. ಮೂತ್ರಪಿಂಡ ದುರ್ಬಲವಾಗಿದ್ದರೆ ಪ್ರಮಾಣ ಇಳಿಸಬೇಕಾಗುತ್ತದೆ. ಗದಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಎಲ್ಲಿಗೇ ಹೋಗಲಿ, ಬೆಕ್ಕಿನ ರಕ್ತ ತೆಗೆದು ಟಿ4 (ಥೈರಾಯ್ಡ್ ಸುರಿಸುವ ಮುಖ್ಯ ಹಾರ್ಮೋನಿನ ಅಳತೆ) ಮಾಡಿಸುವ ವ್ಯವಸ್ಥೆ ಹಾಗೂ ರಕ್ತದೊತ್ತಡ ನೋಡುವ ಡಾಪ್ಲರ್ ಯಂತ್ರ ಇವೆಯೇ ಎಂದು ಮೊದಲೇ ವಿಚಾರಿಸಿಕೊಂಡರೆ ಒಂದು ಸುತ್ತು ಉಳಿಯುತ್ತದೆ.

ರಕ್ತ ಪರೀಕ್ಷೆ, ಮತ್ತು ರಿಪೋರ್ಟಿನ ದೊಡ್ಡ ಮೋಸ

ಮಾಡಿಸಬೇಕಾದದ್ದು ಇಷ್ಟು: ಒಟ್ಟು ಟಿ4, ಪೂರ್ಣ ರಕ್ತಕಣ ಎಣಿಕೆ, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಮತ್ತು ಯೂರಿಯಾ, ಯಕೃತ್ತಿನ ಎಎಲ್‌ಟಿ, ಸಕ್ಕರೆ, ಪೊಟ್ಯಾಸಿಯಂ, ಮೂತ್ರದ ಸಾಂದ್ರತೆ ಮತ್ತು ಪ್ರೋಟೀನ್. ಹೈಪರ್‌ಥೈರಾಯ್ಡ್ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಎಎಲ್‌ಟಿ ಏರಿರುತ್ತದೆ. ಅದನ್ನು ಕಂಡು ಕಾಮಾಲೆ ಎಂದು ಬೇರೆ ದಾರಿ ಹಿಡಿಯುವುದು ಉಂಟು.

ಟಿ4ಗೆ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಬೇಕು, ಅಂದರೆ ಕೆಂಪು ಅಥವಾ ಹಳದಿ ಮುಚ್ಚಳದ ಟ್ಯೂಬು. ಕಣ ಎಣಿಕೆಗೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬು. ಮಾದರಿ ಬೇರೆ ಊರಿನ ಲ್ಯಾಬಿಗೆ ಹೋಗುವುದಾದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಅಲ್ಲಿಯೇ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ, ಸೀರಂ ಬೇರ್ಪಡಿಸಿ, ಐಸ್ ಪ್ಯಾಕಿನಲ್ಲಿ ಕಳಿಸಬೇಕು. ಬೇರ್ಪಡಿಸದ ರಕ್ತ ಮೇ ತಿಂಗಳ ಬಸ್ಸಿನಲ್ಲಿ ಕುಲುಕಿ ಬಿಸಿಯಾದರೆ ಕೆಂಪು ಕಣ ಒಡೆದು ಹಲವು ಅಂಕಿ ಕೆಡುತ್ತವೆ. ಇಡೀ ರಕ್ತವನ್ನು ಫ್ರೀಜರಿನಲ್ಲಿಟ್ಟರೂ ಅದೇ ಗತಿ.

ಇನ್ನು ಮೋಸದ ವಿಚಾರ. ನಮ್ಮ ಕಡೆ ಬೆಕ್ಕಿನ ರಕ್ತ ಮನುಷ್ಯರ ಲ್ಯಾಬಿಗೆ ಹೋಗುವುದು ಅಪರೂಪವಲ್ಲ. ಹೋದರೆ ತಪ್ಪಿಲ್ಲ, ಯಂತ್ರ ಟಿ4 ಅಳೆಯುತ್ತದೆ. ಆದರೆ ಹಾಳೆಯ ಬಲಬದಿಗೆ ಅಚ್ಚಾಗುವ ನಾರ್ಮಲ್ ಮಿತಿ ಮನುಷ್ಯರದ್ದು, ಡೆಸಿಲೀಟರಿಗೆ ಸುಮಾರು 5ರಿಂದ 12 ಮೈಕ್ರೋಗ್ರಾಂ. ಬೆಕ್ಕಿನ ಮಿತಿ ಸುಮಾರು 0.8ರಿಂದ 4.7, ಲ್ಯಾಬಿಗೆ ತಕ್ಕಂತೆ ತುಸು ಹೆಚ್ಚುಕಡಿಮೆ. ಅಂದರೆ ಟಿ4 8 ಬಂದ ಬೆಕ್ಕು, ಅದು ಎರಡು ಪಟ್ಟಿನ ಸಮೀಪ ಏರಿದ ಖಚಿತ ರೋಗ, ಆ ಹಾಳೆಯಲ್ಲಿ "ನಾರ್ಮಲ್" ಎಂದೇ ಕಾಣುತ್ತದೆ! ತದ್ವಿರುದ್ಧವಾಗಿ 2 ಬಂದ ಆರೋಗ್ಯವಂತ ಬೆಕ್ಕಿಗೆ "ಥೈರಾಯ್ಡ್ ಕಡಿಮೆ" ಎಂದು ಗುರುತು ಬೀಳುತ್ತದೆ. ಅಂಕಿಯನ್ನಷ್ಟೇ ಓದಿ, ಪಕ್ಕದ ಗುರುತನ್ನು ಮರೆತುಬಿಡಿ. ಅಂಕಿ 40, 60, 100 ಹೀಗೆ ದೊಡ್ಡದಾಗಿದ್ದರೆ ಅದು ನ್ಯಾನೋಮೋಲ್ ಲೆಕ್ಕ, 12.87ರಿಂದ ಭಾಗಿಸಿದರೆ ಮೈಕ್ರೋಗ್ರಾಂ ಸಿಗುತ್ತದೆ. ಮನುಷ್ಯರ ಟಿಎಸ್‌ಎಚ್ (ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್) ಕಿಟ್ ಬೆಕ್ಕಿನ ಹಾರ್ಮೋನನ್ನು ಸರಿಯಾಗಿ ಹಿಡಿಯುವುದಿಲ್ಲ, ಅದಕ್ಕೆ ದುಡ್ಡು ಹಾಕಬೇಡಿ.

ಲಕ್ಷಣಗಳೆಲ್ಲ ಇದ್ದು ಟಿ4 2.5ರಿಂದ 4.7ರ ನಡುವೆ ನಿಂತರೆ ಅದು ಮಬ್ಬು ವಲಯ. ಮುದಿ ಬೆಕ್ಕಿನಲ್ಲಿ ಬೇರೊಂದು ಕಾಯಿಲೆ ಜೊತೆಗಿದ್ದಾಗ ಟಿ4 ಕೆಳಗೆ ಜಗ್ಗುತ್ತದೆ, ದಿನದಿಂದ ದಿನಕ್ಕೆ ಏರಿಳಿಯುವುದೂ ಇದೆ. ಎರಡರಿಂದ ನಾಲ್ಕು ವಾರ ಬಿಟ್ಟು ಮತ್ತೊಮ್ಮೆ ಮಾಡಿಸಿ, ಬೇಕಿದ್ದರೆ ಫ್ರೀ ಟಿ4 (ರಕ್ತದ ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವ ಟಿ4) ಸೇರಿಸಿ. ಫ್ರೀ ಟಿ4 ಒಂದನ್ನೇ ನಂಬಬಾರದು. ಬೇರೆ ಕಾಯಿಲೆಗಳಲ್ಲೂ ಅದು ಸುಳ್ಳೇ ಏರಬಲ್ಲದು. ಟಿ4 ಚೆನ್ನಾಗಿಯೇ ಇದ್ದರೆ ಸಕ್ಕರೆ ಕಾಯಿಲೆ, ಕರುಳಿನ ಉರಿಯೂತ ಅಥವಾ ಲಿಂಫೋಮಾ ಎಂಬ ಕ್ಯಾನ್ಸರ್, ಹಲ್ಲಿನ ನೋವು, ಹುಳು ಇತ್ತ ಹುಡುಕಬೇಕು. ಸಕ್ಕರೆಯ ಬಗ್ಗೆ ಒಂದು ಎಚ್ಚರ: ಹೆದರಿದ ಬೆಕ್ಕಿನ ರಕ್ತದ ಸಕ್ಕರೆ ಹೆದರಿಕೆಗೇ ಏರುತ್ತದೆ, ಒಂದೇ ಅಂಕಿ ನೋಡಿ ಇನ್ಸುಲಿನ್ ಶುರುವಾಗಬಾರದು.

ಮೂತ್ರಪಿಂಡ ಬಚ್ಚಿಟ್ಟ ಲೆಕ್ಕ

ಚಿಕಿತ್ಸೆ ಶುರುವಾದ ತಿಂಗಳಿಗೆ "ಔಷಧದಿಂದ ಕಿಡ್ನಿ ಹೋಯಿತು" ಎಂಬ ದೂರು ಬರುತ್ತದೆ. ನಡೆದದ್ದು ಬೇರೆ. ಹಾರ್ಮೋನ್ ಹೆಚ್ಚಿದ್ದಾಗ ಹೃದಯ ಜೋರಾಗಿ ತಳ್ಳುವ ರಕ್ತ ಮೂತ್ರಪಿಂಡದ ಸೋಸುವಿಕೆಯನ್ನು ಹೆಚ್ಚಿಸಿರುತ್ತದೆ, ಸ್ನಾಯು ಕರಗಿ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆಯಾಗಿರುತ್ತದೆ. ಹೀಗೆ ಎರಡು ಕಾರಣಕ್ಕೆ ಅಂಕಿ ಚೆನ್ನಾಗಿ ಕಾಣುತ್ತದೆ. ಹಾರ್ಮೋನ್ ಹದಕ್ಕೆ ಬಂದಾಗ ಒಳಗಿದ್ದ ಕಾಯಿಲೆ ಹೊರಬೀಳುತ್ತದೆ. ಅದಕ್ಕೆ ಹೆದರಿ ಥೈರಾಯ್ಡ್ ಚಿಕಿತ್ಸೆ ನಿಲ್ಲಿಸುವುದು ತಪ್ಪು, ಏರಿದ ರಕ್ತದೊತ್ತಡ ಮತ್ತು ಸೋಸುವಿಕೆ ಆ ಮೂತ್ರಪಿಂಡವನ್ನೇ ಇನ್ನಷ್ಟು ಸವೆಸುತ್ತವೆ. ಕಡಿಮೆ ಪ್ರಮಾಣದಿಂದ ಶುರುಮಾಡಿ, ಟಿ4 ಹದಕ್ಕೆ ಬಂದ ಒಂದು ತಿಂಗಳ ನಂತರ ಮೂತ್ರಪಿಂಡದ ನಿಜ ಸ್ಥಿತಿ ಅಳೆಯುವುದು ಸರಿಯಾದ ದಾರಿ. ಟಿ4 0.8ಕ್ಕಿಂತ ಕೆಳಗಿಳಿದು ಕ್ರಿಯಾಟಿನಿನ್ ಏರಿದ್ದರೆ ಔಷಧ ಅತಿಯಾಗಿದೆ ಎಂದರ್ಥ. ವೈದ್ಯರು ಪ್ರಮಾಣ ಇಳಿಸಿದರೆ ಸ್ವಲ್ಪ ಹಿಂತಿರುಗುತ್ತದೆ.

ರಕ್ತದೊತ್ತಡ ನೋಡುವ ಮೊದಲು ಬೆಕ್ಕು ಐದರಿಂದ ಹತ್ತು ನಿಮಿಷ ಶಾಂತ ಕೋಣೆಯಲ್ಲಿರಬೇಕು, ಮೊದಲ ಓದನ್ನು ಬಿಟ್ಟು ಐದಾರು ಓದುಗಳ ಸರಾಸರಿ ತೆಗೆಯಬೇಕು. ಮೇಲಿನ ಒತ್ತಡ ಮತ್ತೆ ಮತ್ತೆ 160 ದಾಟಿದರೆ ಚಿಕಿತ್ಸೆ ಬೇಕು, 180 ದಾಟಿದರೆ ಕಣ್ಣು-ಮಿದುಳಿಗೆ ಅಪಾಯ. ಸಾಮಾನ್ಯವಾಗಿ ಬರೆಯುವುದು ಆಮ್ಲೋಡಿಪಿನ್ 0.625 ಮಿ.ಗ್ರಾಂ ದಿನಕ್ಕೊಮ್ಮೆ, ಅಂದರೆ 2.5ರ ಮಾತ್ರೆಯ ಕಾಲು ಭಾಗ.

ಔಷಧ: ಅಂಗಡಿಯಲ್ಲಿ ಆಗುವ ತಪ್ಪುಗಳು

ಮುಖ್ಯ ಔಷಧ ಮೆಥಿಮಝೋಲ್, ಅಥವಾ ದೇಹದೊಳಗೆ ಹೋಗಿ ಮೆಥಿಮಝೋಲ್ ಆಗುವ ಕಾರ್ಬಿಮಝೋಲ್. ಎರಡನೆಯದು ನಿಯೊಮರ್ಕಝೋಲ್ ಹೆಸರಿನಲ್ಲಿ ಮನುಷ್ಯರ ಔಷಧಂಗಡಿಯಲ್ಲಿ ಸಿಗುತ್ತದೆ. ಇದು ಗಡ್ಡೆಯನ್ನು ಕರಗಿಸುವುದಿಲ್ಲ, ಹಾರ್ಮೋನ್ ತಯಾರಿಕೆಯನ್ನು ತಡೆಯುತ್ತದೆ ಅಷ್ಟೆ. ನಿಲ್ಲಿಸಿದ ಕೆಲವೇ ದಿನಗಳಲ್ಲಿ ಹಾರ್ಮೋನ್ ಮತ್ತೆ ಮೊದಲಿನ ಮಟ್ಟಕ್ಕೆ ಏರುತ್ತದೆ.

ಚೀಟಿ ಹಿಡಿದು ಹೋದಾಗ ಮೂರು ವಿಷಯ ನೋಡಿ. ಒಂದು, ಹೆಸರು: ಕಾರ್ಬಿಮಝೋಲ್ ಬದಲು ಕಾರ್ಬಮಝೆಪಿನ್ ಕೈಗೆ ಬಂದರೆ ಅದು ಅಪಸ್ಮಾರದ ಮಾತ್ರೆ. ಎರಡು, ಪ್ರಮಾಣ: 5ರ ಜೊತೆ 10, 20 ಮಿ.ಗ್ರಾಂ ಪಟ್ಟಿಗಳೂ ಇವೆ. ಮೂರನೆಯದು ಎಲ್ಲಕ್ಕಿಂತ ಅಪಾಯ: ಮನೆಯಲ್ಲಿ ಅವ್ವನಿಗೋ ಅತ್ತಿಗೋ ಬರೆದ ಥೈರೊನಾರ್ಮ್, ಎಲ್ಟ್ರಾಕ್ಸಿನ್ ಇರುತ್ತದೆ, "ಥೈರಾಯ್ಡ್ ಗುಳಿಗಿ ಮನ್ಯಾಗ ಐತಲ್ಲ" ಎಂದು ಬೆಕ್ಕಿಗೂ ಕೊಡುತ್ತಾರೆ. ಅದು ಹಾರ್ಮೋನ್ ಕಡಿಮೆ ಇದ್ದವರಿಗೆ ಹಾರ್ಮೋನನ್ನೇ ಕೊಡುವ ಮಾತ್ರೆ. ಉರಿಯುವ ಒಲೆಗೆ ಎಣ್ಣೆ ಸುರಿದಂತೆ.

ಮೆಥಿಮಝೋಲ್ ಸಾಮಾನ್ಯವಾಗಿ 1.25ರಿಂದ 2.5 ಮಿ.ಗ್ರಾಂ ಬೆಳಿಗ್ಗೆ-ಸಂಜೆ ಶುರುವಾಗುತ್ತದೆ; ಕಾರ್ಬಿಮಝೋಲ್ ಆದರೆ 2.5ರಿಂದ 5 ಮಿ.ಗ್ರಾಂ ಬೆಳಿಗ್ಗೆ-ಸಂಜೆ. ಒಂದರ ಬದಲು ಇನ್ನೊಂದು ಕೊಡುವಾಗ ಅಂಕಿ ಬದಲಾಗುತ್ತದೆ: 10 ಮಿ.ಗ್ರಾಂ ಕಾರ್ಬಿಮಝೋಲ್ ಸುಮಾರು 6 ಮಿ.ಗ್ರಾಂ ಮೆಥಿಮಝೋಲ್‌ಗೆ ಸಮ. ಪ್ರಮಾಣ ತೀರ್ಮಾನಿಸುವವರು ಬೆಕ್ಕನ್ನು ನೋಡಿದ ವೈದ್ಯರು. ಈ ಅಂಕಿಗಳು ಚೀಟಿಯಲ್ಲಿ ತಪ್ಪಿದ್ದರೆ ಕೇಳಲು ನಿಮಗೆ ನೆರವಾಗಲಿ ಎಂದು.

ಅರ್ಧ ಮಾಡಲು ಮಾತ್ರೆ ಕತ್ತರಿಸುವ ಡಬ್ಬಿ ಬಳಸಿ, ಪುಡಿ ಮಾಡಬೇಡಿ. ಕೈಗೆ ಗ್ಲೌಸ್ ಹಾಕಿ. ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು ಈ ಮಾತ್ರೆಯನ್ನಾಗಲಿ, ಔಷಧ ತಿನ್ನುವ ಬೆಕ್ಕಿನ ಮಲ-ಮೂತ್ರವನ್ನಾಗಲಿ ಮುಟ್ಟಬಾರದು. ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಆಗಬಹುದು.

ತಿನ್ನಿಸುವುದು ಹೀಗೆ. ಮಾತ್ರೆಗೆ ಕಡಲೆಕಾಳಿನಷ್ಟು ಬೆಣ್ಣೆ ಸವರಿ ಅಥವಾ ಬೇಯಿಸಿದ ಮೀನಿನ ಚೂರಲ್ಲಿ ಸೇರಿಸಿ, ಹಸಿದ ಹೊತ್ತಿನಲ್ಲಿ ಮೊದಲು ಖಾಲಿ ಚೂರು, ಎರಡನೆಯದರಲ್ಲಿ ಮಾತ್ರೆ, ಕೂಡಲೇ ಮೂರನೆಯ ಖಾಲಿ ಚೂರು. ಇಡೀ ತಟ್ಟೆಯ ಊಟದಲ್ಲಿ ಬೆರೆಸಿದರೆ ಅರ್ಧ ಬಿಟ್ಟೇಳುತ್ತದೆ, ಎಷ್ಟು ಹೊಟ್ಟೆಗೆ ಹೋಯಿತೆಂದು ತಿಳಿಯುವುದಿಲ್ಲ. ಇದಕ್ಕೆ ಬಗ್ಗದಿದ್ದರೆ ಬೆಕ್ಕನ್ನು ಟವೆಲ್ಲಿನಲ್ಲಿ ಸುತ್ತಿ, ನಿಮಗೆ ಬೆನ್ನು ಮಾಡಿ ಕೂರಿಸಿ. ಎಡಗೈಯಿಂದ ಕೆನ್ನೆಯ ಮೂಳೆಗಳನ್ನು ಮೇಲಿನಿಂದ ಹಿಡಿದು ಮೂತಿಯನ್ನು ಮೇಲಕ್ಕೆತ್ತಿ, ಬಲಗೈ ನಡುಬೆರಳಿಂದ ಕೆಳಗಿನ ಸಣ್ಣ ಹಲ್ಲುಗಳ ಮೇಲೆ ಒತ್ತಿ ಬಾಯಿ ತೆರೆದು, ಮಾತ್ರೆಯನ್ನು ನಾಲಿಗೆಯ ಬುಡಕ್ಕೆ ಬಿಡಿ. ಬಾಯಿ ಮುಚ್ಚಿಸಿ ಗಂಟಲು ಸವರಿ. ಬೆಕ್ಕು ಮೂಗು ನೆಕ್ಕಿಕೊಂಡರೆ ನುಂಗಿದೆ. ಆಮೇಲೆ ಸಿರಿಂಜಿನಿಂದ ಕೆನ್ನೆಯ ಬದಿಗೆ 5 ಮಿ.ಲೀ. ನೀರು ಹನಿಹನಿಯಾಗಿ. ಒಣ ಮಾತ್ರೆ ಅನ್ನನಾಳದಲ್ಲೇ ಅಂಟಿ ಕೂತರೆ ಹುಣ್ಣಾಗುತ್ತದೆ.

ಮೊದಲ ಮೂರು ತಿಂಗಳು ಕಣ್ಣಿಟ್ಟಿರಬೇಕಾದ ಕಾಲ. ಮೊದಲ ವಾರಗಳ ವಾಂತಿ, ಊಟ ಕಡಿಮೆಯಾಗುವುದು ಪ್ರಮಾಣ ಇಳಿಸಿದರೆ ಹೆಚ್ಚಾಗಿ ನಿಲ್ಲುತ್ತದೆ. ಆದರೆ ಮುಖ, ಕಿವಿ, ಕುತ್ತಿಗೆಯನ್ನು ರಕ್ತ ಬರುವಂತೆ ಕೆರೆದುಕೊಂಡರೆ, ಜ್ವರ ಬಂದು ಮಂಕಾದರೆ, ಒಸಡು ಬಿಳಿಚಿದರೆ ಅಥವಾ ಚುಕ್ಕೆ ರಕ್ತ ಕಂಡರೆ, ಕಿವಿಯ ಒಳಭಾಗ ಹಳದಿಯಾದರೆ ಮುಂದಿನ ಮಾತ್ರೆ ಕೊಡದೆ ವೈದ್ಯರಿಗೆ ಫೋನ್ ಮಾಡಿ. ಕಣ ಎಣಿಕೆ ಮತ್ತು ಯಕೃತ್ತಿನ ಪರೀಕ್ಷೆಯನ್ನು ಮೊದಲ ಮೂರು ತಿಂಗಳಲ್ಲಿ ಎರಡು ಮೂರು ಸಲ ಮಾಡಿಸುವುದು ಇದಕ್ಕೇ. ಟಿ4 ಪರೀಕ್ಷೆ ಔಷಧ ಶುರುವಾದ ಎರಡು ಮೂರು ವಾರಕ್ಕೆ, ಪ್ರತಿ ಪ್ರಮಾಣ ಬದಲಾವಣೆಯ ನಂತರ ಮತ್ತೆ ಅಷ್ಟೇ ದಿನಕ್ಕೆ, ಹದಕ್ಕೆ ಬಂದ ಮೇಲೆ ಮೂರರಿಂದ ಆರು ತಿಂಗಳಿಗೊಮ್ಮೆ. 1ರಿಂದ 2.5ರ ನಡುವೆ ನಿಲ್ಲುವುದು ಒಳ್ಳೆಯ ಗುರಿ.

ಮಾತ್ರೆ ಮೈಗೆ ಒಗ್ಗದಿದ್ದರೆ ಶಸ್ತ್ರಕ್ರಿಯೆಯ ದಾರಿ ಇದೆ. ಗ್ರಂಥಿಗೆ ಅಂಟಿಕೊಂಡಿರುವ, ಕ್ಯಾಲ್ಸಿಯಂ ಹದದಲ್ಲಿಡುವ ಪ್ಯಾರಾಥೈರಾಯ್ಡ್ ಗ್ರಂಥಿಗೆ ಪೆಟ್ಟಾದರೆ ಮೊದಲ ಕೆಲವು ದಿನಗಳಲ್ಲಿ ಕ್ಯಾಲ್ಸಿಯಂ ಕುಸಿದು ನಡುಕ, ಸೆಳೆತ ಬರುತ್ತದೆ, ಹಾಗಾಗಿ ದಿನವೂ ರಕ್ತ ನೋಡಬಲ್ಲ ಕಡೆಯೇ ಮಾಡಿಸಬೇಕು. ವಿದೇಶಗಳಲ್ಲಿ ವಿಕಿರಣ ಅಯೋಡಿನ್ ಒಂದು ಚುಚ್ಚುಮದ್ದಿಗೆ ಹೆಚ್ಚಿನ ಬೆಕ್ಕುಗಳನ್ನು ಪೂರ್ತಿ ಗುಣಪಡಿಸುತ್ತದೆ.

ಊಟ

ಹಾಲು-ಅನ್ನ, ಹಾಲು-ರೊಟ್ಟಿಯ ಮೇಲೆ ಬೆಳೆದ ಬೆಕ್ಕುಗಳು ನಮ್ಮ ಸಸ್ಯಾಹಾರಿ ಮನೆಗಳಲ್ಲಿ ಬಹಳ. ಹೊರಗೆ ಇಲಿ-ಹಕ್ಕಿ ಹಿಡಿದು ಕೊರತೆ ತುಂಬಿಕೊಳ್ಳುತ್ತಿದ್ದ ಬೆಕ್ಕು ಮುಪ್ಪಿನಲ್ಲಿ ಬೇಟೆ ಬಿಡುತ್ತದೆ. ಬೆಕ್ಕಿನ ದೇಹಕ್ಕೆ ಬೇಕಾದಷ್ಟು ಟೌರಿನ್ ಎಂಬ ಪೋಷಕಾಂಶ ತಯಾರಿಸುವ ಶಕ್ತಿ ಅದಕ್ಕಿಲ್ಲ, ಅದು ಸಿಗುವುದು ಮಾಂಸ-ಮೀನಿನಿಂದ. ಕೊರತೆಯಾದರೆ ಹೃದಯ ಹಿಗ್ಗಿ ಸೋಲುತ್ತದೆ, ಕಣ್ಣಿನ ಪರದೆ ಹಾಳಾಗುತ್ತದೆ. ಥೈರಾಯ್ಡ್ ಈಗಾಗಲೇ ಹೃದಯವನ್ನು ದಣಿಸಿರುವ ಬೆಕ್ಕಿಗೆ ಇದು ಎರಡನೆಯ ಏಟು. ಮನೆಯಲ್ಲಿ ಮಾಂಸ ಬೇಯಿಸದವರು ಕೊನೇಪಕ್ಷ ಸಂಪೂರ್ಣ ಪೋಷಣೆ ಎಂದು ಬರೆದಿರುವ ಬೆಕ್ಕಿನ ಒದ್ದೆ ಆಹಾರದ ಪೊಟ್ಟಣ ತರಲಿ. ಇದರಲ್ಲಿ ರಾಜಿ ಮಾಡಿಕೊಳ್ಳಬೇಡಿ.

ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಕೊಡಿ, ಒಮ್ಮೆಲೇ ತಿಂದು ಕಕ್ಕುವುದು ತಪ್ಪುತ್ತದೆ. ಮೂಳೆ ತೆಗೆದ ಬೇಯಿಸಿದ ಕೋಳಿಗೆ ಉಪ್ಪು-ಖಾರ ಬೇಡ. ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿದ ಸಾರು ಕಲಸಿದ ಅನ್ನ ಬೆಕ್ಕಿನ ಕೆಂಪು ಕಣಗಳನ್ನು ಒಡೆಯುತ್ತದೆ. ಅಯೋಡಿನ್ ಕಡಿಮೆ ಮಾಡಿದ ವಿಶೇಷ ಆಹಾರದಿಂದಲೂ ಈ ರೋಗ ಹತೋಟಿಗೆ ಬರುತ್ತದೆ, ಆದರೆ ಬೇರೆ ಒಂದು ತುತ್ತೂ ಬಾಯಿಗೆ ಹೋಗಬಾರದು. ಪಕ್ಕದ ಮನೆಯಲ್ಲಿ ಹಾಲು ಕುಡಿದು ಬರುವ ಬೆಕ್ಕಿಗೆ ಅದು ವ್ಯರ್ಥ.

ಮನೆಯೊಳಗೆ

ಬೇಸಿಗೆಯಲ್ಲಿ ಈ ಬೆಕ್ಕುಗಳು ಬಿಸಿ ತಾಳುವುದಿಲ್ಲ. ಮಹಡಿಯ ತಗಡಿನ ಕೋಣೆಯಲ್ಲಿ ಕೂಡಿಹಾಕಬೇಡಿ, ಎರಡು ಮೂರು ಕಡೆ ನೀರಿಡಿ. ಉಚ್ಚೆ ಹೆಚ್ಚಿರುವುದರಿಂದ ಮರಳಿನ ಟ್ರೇ ಒಂದರ ಬದಲು ಎರಡಿರಲಿ, ಒಂದು ಅಂಚು ಮೂರು ಇಂಚಿಗಿಂತ ಎತ್ತರ ಬೇಡ. ಸ್ನಾಯು ಸೋತ ಕಾಲು ಏರಲಾರದು. ದೀಪಾವಳಿಯ ಪಟಾಕಿ ದಿನಗಳಿಗೆ ಒಳಕೋಣೆ ಸಜ್ಜುಮಾಡಿ, ಮಾತ್ರೆಯ ದಾಸ್ತಾನು ಹಬ್ಬಕ್ಕೆ ಮುಂಚೆ ತಂದಿಡಿ.

ಕಾಯಬಾರದ ಹೊತ್ತು

ಬಾಯಿ ತೆರೆದು ಏದುಸಿರು ಬಿಟ್ಟರೆ, ಇದ್ದಕ್ಕಿದ್ದಂತೆ ಗೋಡೆಗೆ ಹಾಯ್ದು ಕಣ್ಣಪಾಪೆ ಅಗಲವಾಗಿ ನಿಂತರೆ, ಹಿಂಗಾಲು ಸೋತು ತಣ್ಣಗಾಗಿ ಬೆಕ್ಕು ನೋವಿನಿಂದ ಕಿರುಚಿದರೆ, ತಲೆ ಎತ್ತಲಾರದೆ ಕುತ್ತಿಗೆ ಬಾಗಿದರೆ, ಸೆಳೆತ ಬಂದರೆ ಅದೇ ಗಂಟೆಯಲ್ಲಿ ಹೊರಡಿ. ಕಣ್ಣು ಕಾಣದಿರುವುದು ರಕ್ತದೊತ್ತಡಕ್ಕೆ ಪರದೆ ಕಳಚಿದ್ದು, ಒಂದೆರಡು ದಿನದೊಳಗೆ ಒತ್ತಡ ಇಳಿಸಿದರೆ ದೃಷ್ಟಿ ಉಳಿಯುವ ಆಸೆ ಇದೆ. ಹಿಂಗಾಲು ಸೋಲುವುದು ಹೃದಯದಿಂದ ಜಾರಿದ ಹೆಪ್ಪು ರಕ್ತನಾಳಕ್ಕೆ ಅಡ್ಡ ಕೂತದ್ದು. ತಣ್ಣಗಿದೆ ಎಂದು ಬಿಸಿ ಶಾಖ ಕೊಡಬೇಡಿ, ಸುಟ್ಟರೂ ಅದಕ್ಕೆ ತಿಳಿಯದು. ಇಡೀ ದಿನ ಏನೂ ತಿನ್ನದಿದ್ದರೆ ಮರುದಿನವೇ ತೋರಿಸಿ, ಎರಡು ಮೂರು ದಿನ ಉಪವಾಸ ಬಿದ್ದ ಬೆಕ್ಕಿನ ಯಕೃತ್ತಿಗೆ ಕೊಬ್ಬು ತುಂಬಿಕೊಳ್ಳುತ್ತದೆ.

ನೋವಿಗೋ ಜ್ವರಕ್ಕೋ ಮನೆಯ ಕ್ರೋಸಿನ್, ಡೋಲೊ ಚೂರನ್ನೂ ಕೊಡಬೇಡಿ: ಪ್ಯಾರಾಸಿಟಮಾಲನ್ನು ನಿರ್ವಿಷ ಮಾಡುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲವೆನ್ನುವಷ್ಟು ಕಡಿಮೆ, ಅರ್ಧ ಮಾತ್ರೆಯೂ ಕೊಲ್ಲುತ್ತದೆ. ಹೊರಡುವಾಗ ನೋಟ್‌ಬುಕ್, ಮಾತ್ರೆಯ ಪಟ್ಟಿ, ಕೊನೆಯ ರಿಪೋರ್ಟು ಚೀಲಕ್ಕೆ ಹಾಕಿ, ಕೊನೆಯ ಮಾತ್ರೆ ಎಷ್ಟು ಹೊತ್ತಿಗೆ ಕೊಟ್ಟಿರೆಂದು ಬರೆದುಕೊಳ್ಳಿ. ದಾರಿಯಲ್ಲಿ ಬಾಯಿಗೆ ನೀರು ಬಿಡಬೇಡಿ, ಏದುಸಿರಿನಲ್ಲಿ ಅದು ಶ್ವಾಸಕ್ಕೆ ಹೋಗುತ್ತದೆ.